ಚಿಲ್ಲರೆ

ಜೆಫೆರಿನ್ ಮೊದಲು ನನ್ನ ಕೈ ನೋಡಿದ,
ಗಿಟಾರು ಯಾವುದೆಂದು ಕೇಳಲಿಲ್ಲ.
ಮಡಗಾಂವಿನ ಹಳೇ ಮಾರ್ಕೆಟ್ಟಿನ ಹಿಂದೆ
ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೇ ನಿಲ್ಲಬೇಕಾದ ಅಂಗಡಿ;
ತಂತಿ, ರೀಡು, ಪಿಟೀಲಿನ ರಾಳ,
ಗಾಜಿನ ಭರಣಿಯಲ್ಲಿ ಪೆಪ್ಪರಮೆಂಟಿನ ಹಾಗೆ ಪಿಕ್ಕುಗಳು.

'ಏನು ಕೆಲಸ?'
'ಬಸ್ ಕಂಡಕ್ಟರು. ಕಾರವಾರದ ರೂಟು.'
'ಹಾಗಾದರೆ ಹಿಡಿಯಲು ಬರುತ್ತದೆ,' ಅಂದ,
'ಟಿಕೇಟು ಹಿಡಿದ ಹಾಗೇ.
ಬಿಗಿದರೆ ಹರಿಯುತ್ತದೆ, ಬಿಟ್ಟರೆ ಗಾಳಿಪಾಲು.
ಇಷ್ಟು ದಿನ ಯಾವುದರಲ್ಲಿ ನುಡಿಸಿದೆ?'
ಹೇಳಲು ನಾಚಿಕೆ: ಶಾಂಪೂ ಬಾಟಲಿಯ ಬೆನ್ನು,
ಅವಧಿ ಮುಗಿದ ಬಸ್ ಪಾಸು,
ಅಪ್ಪನ ಎಟಿಎಂ ಕಾರ್ಡಿನ ಮೂಲೆ
(ಅದರ ಅವಧಿ ಮುಗಿದಿರಲಿಲ್ಲ, ಅದು ಬೇರೆ ಕತೆ).

ಭರಣಿ ಬೋರಲು ಹಾಕಿದ.
ಮೊದಲು ತೆಳ್ಳನೆಯದು, ಹಾಲಿನ ಕೆನೆಯಂಥದು:
ಎಳೆದರೆ ತಾನೇ ಬಾಗಿ
ಹೂಂ ಹೂಂ ಎಂದು ಎಲ್ಲಕ್ಕೂ ಒಪ್ಪಿಕೊಳ್ಳುತ್ತಿತ್ತು,
ತಂತಿಗಿಂತ ಅದರದೇ ಪಟಪಟ ಹೆಚ್ಚು,
ಕರ್ಮಲ್ ಘಾಟಿನಲ್ಲಿ ಕಿಟಕಿಯ ಹರಿದ ಪರದೆ.
ಆಮೇಲೆ ದಪ್ಪನೆಯದು, ಹುಣಸೆಬೀಜ.
ಬಾಗುವ ಮಾತೇ ಇಲ್ಲ.
ಒಂದೇ ತಂತಿ, ಒಂದೇ ಸ್ವರ,
ಬಾಗಿಲಲ್ಲಿ ನಿಂತು ಯಾರೋ ನನ್ನ ಹೆಸರು ಕೂಗಿದಂತೆ.
'ಅದು ಮುಂದೆ ನಿಲ್ಲುವವರದು,' ಅಂದ ಜೆಫೆರಿನ್,
'ನೀನು ಹಿಂದೆ ನಿಲ್ಲುವವಳು.'
ಹೇಗೆ ಗೊತ್ತಾಯಿತೋ.

ಹೌದು, ಹಿಂದೆ.
ಶನಿವಾರ ರಾತ್ರಿ ಬಾಣಾವಲಿಯ ತಾವೆರ್ನಿನಲ್ಲಿ
ಬೇಸ್ ಗಿಟಾರು ಬೋಸ್ಕೊದು, ಡ್ರಮ್ಮು ಅವನ ಸೋದರಳಿಯನದು,
ನನ್ನದು ಬರೀ ತಾಳದ ಕೂಲಿ:
ಕೆಳಗೆ ಕೆಳಗೆ ಮೇಲೆ, ಮೇಲೆ ಕೆಳಗೆ ಮೇಲೆ,
ಹಿಟ್ಟು ಜರಡಿ ಹಿಡಿದ ಹಾಗೆ.
ಬೋಸ್ಕೊ ಬಾಯಿಬಿಟ್ಟು ಏನೂ ಅನ್ನುವವನಲ್ಲ.
ತಪ್ಪಿದರೆ ತಿರುಗಿ ನೋಡುತ್ತಾನೆ, ಅಷ್ಟೆ.
ಆ ವರ್ಷ ಎಷ್ಟು ಸಲ ತಿರುಗಿದನೆಂದರೆ
ಜನ ಅದನ್ನೂ ಹಾಡಿನ ಭಾಗ ಅಂದುಕೊಂಡಿದ್ದರು.

ಕೊನೆಗೆ ಕೊಂಡದ್ದು ನಡುವಿನದು, ಹದಿನೈದು ರೂಪಾಯಿ;
ಕಂದು ಮೈಮೇಲೆ ಗೀರೆಳೆದ ಸುಳ್ಳು ಆಮೆಚಿಪ್ಪು.
ತುದಿ ಚೂಪು. ಮೇಲೆ ಬರುವಾಗ ತಂತಿಗೆ ಸಿಕ್ಕಿ
ಟಕ್.
ಬೋಸ್ಕೊ ತಿರುಗಿದ.
ಬದಲಾಯಿಸೋಣವೆಂದರೆ ನನ್ನ ಡ್ಯೂಟಿ ಮುಗಿಯುವ ಹೊತ್ತಿಗೆ
ಅಂಗಡಿಗೆ ಬೀಗ.
ಚರ್ಮದ ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ, ಚಿಲ್ಲರೆಯ ಜೊತೆ;
ಕುಂಕಳ್ಳಿಯಲ್ಲಿ ಬಸ್ಸು ಖಾಲಿಯಾದರೆ
ಟಿಕೇಟು ಮಶೀನಿನ ಅಂಚಿಗೆ
ಕೆಳಗೆ ಕೆಳಗೆ ಮೇಲೆ.

ಒಂದು ಸೋಮವಾರ ಅದು ಇಲ್ಲ.
ಚೀಲ ಕೊಡವಿ, ಡ್ರೈವರ್ ಉಸಗಾಂವಕರರ ಸೀಟಿನಡಿ ತಡಕಾಡಿದೆ.
ಆ ದಿನ ಲೆಕ್ಕದಲ್ಲಿ ಐದು ರೂಪಾಯಿ ಹೆಚ್ಚು,
ಡಿಪೋದಲ್ಲಿ ಬರೆಸಿ ಬೈಸಿಕೊಂಡೆ.
ಎರಡಕ್ಕೂ ಗಂಟು ಹಾಕುವುದು ಹೊಳೆಯಲಿಲ್ಲ.

ಒಂಬತ್ತು ದಿನದ ಮೇಲೆ, ಕಾರವಾರದಿಂದ ಮರಳುವಾಗ
ಮಾಜಾಳಿಯಲ್ಲಿ ಹತ್ತಿದ ಒಬ್ಬ ಮುದುಕ, ಬುಟ್ಟಿ, ಕೊಡೆ,
ಟಿಕೇಟಿಗೂ ಮೊದಲು ಮುಷ್ಟಿ ತೆರೆದ.
'ಬಾಯೀ, ನೀ ಕೊಟ್ಟ ನಾಣ್ಯ.
ಯಾವ ದೇಶದ್ದು ಇದು?
ಚಹಾದಂಗಡಿಯವ ಬೇಡ ಅಂದ.
ಹುಂಡಿಗೆ ಹಾಕೋಣ ಅಂದರೆ
ದೇವರೂ ಎಲ್ಲಿ ಓಡಿಸಬೇಕು ಪಾಪ.'
ಬಸ್ಸೆಲ್ಲ ನಕ್ಕಿತು. ಐದು ರೂಪಾಯಿ ಕೊಟ್ಟೆ.
'ದಂಡಕ್ಕೆ ಇಟ್ಟುಕೊಂಡಿರಲಿಲ್ಲ ಮತ್ತೆ,' ಅಂದ, ತುಸು ನಾಚಿ,
'ಮೀನಿನ ಹುರುಪೆ ತೆಗೆಯಲು ಬಹಳ ಚೆಂದ.'

ಮೂಸಿದೆ. ನಿಜ.
ಬೆಳಕಿಗೆ ಹಿಡಿದೆ: ಚೂಪು ಹೋಗಿ ಗುಂಡಗೆ,
ಉಗುರಿನ ಹಾಗೆ, ಒಂದು ಪಕ್ಕ ಸ್ವಲ್ಪ ಓರೆ.
ಈ ಸಾಣೆ ಜೆಫೆರಿನ್ನಿಗೆ ಗೊತ್ತಿಲ್ಲ.

ಶನಿವಾರ. ಐದು ಹಾಡು ಮುಗಿದವು.
ಕೆಳಗಿನಿಂದ ಮೇಲೆ ಬರುವಾಗ ಅದು
ಇಳಿಯುವವರಿಗೆ ದಾರಿ ಬಿಟ್ಟು ಹತ್ತುವವರ ಹಾಗೆ
ತುಸು ಬದಿಗೆ ಸರಿದು ಬಂತು.
ಬೋಸ್ಕೊ ತಿರುಗಿ ನೋಡಲಿಲ್ಲ.
ತಾವೆರ್ನಿನ ಬೆಕ್ಕು ಮಾತ್ರ
ನನ್ನ ಬಲಗೈಯನ್ನೇ ದಿಟ್ಟಿಸುತ್ತ
ಕೊನೆಯ ಹಾಡಿನವರೆಗೂ ಕದಲಲಿಲ್ಲ.