ಏಳನೆಯ ಒಲೆಯಲ್ಲಿ ಮೆಕ್ಕೆಜೋಳ

ಗುಹೆಯ ಹೆಸರು ತ್ಸಿವಿ. ಜಾರ್ಜಿಯಾದ ಆ ಸೀಮೆಯ ಮಾತಿನಲ್ಲಿ: ತಣ್ಣಗಿನದು.
ಒಳಗೆ ಒಂದರ ಕೆಳಗೊಂದು ಹನ್ನೊಂದು ಒಲೆ.
ಒಲೆಯೆಂದರೆ ಮೂರು ಕಲ್ಲಿಲ್ಲ, ಮಣ್ಣಿನ ಕಟ್ಟೆಯಿಲ್ಲ.
ಕೆಂಪಗೆ ಬೆಂದ ನೆಲ, ಮೇಲೊಂದು ಕಪ್ಪು ಗೆರೆ,
ಕಪ್ಪಿನ ಮೇಲೆ ಬೂದಿಯ ಬಿಳಿ,
ಸೀದ ರೊಟ್ಟಿಯನ್ನು ಅಡ್ಡ ಕುಯ್ದ ಹಾಗೆ.
ಉರಿಸಿದವರು ನಮ್ಮವರಲ್ಲ, ನಿಯಾಂಡರ್ತಾಲರು.
ನಮ್ಮವರಲ್ಲವೇ ಅಲ್ಲ ಎನ್ನಲೂ ಆಗದವರು.

ನುಗ್ಜಾರ್ ಟೀ ಚಮಚದಲ್ಲಿ ಅಗೆಯುತ್ತಾನೆ.
ಚೀಟಿ ಬರೆದು, ಚೀಲ ಕಟ್ಟಿ
ಗುರುವಾರದ ಬಸ್ಸಿಗೆ ಹಾಕುತ್ತಾನೆ, ತಿಬಿಲಿಸಿಗೆ,
ನನ್ನ ಮೇಜಿಗೆ.
ನಾನು ಮಾಕ್ವಾಲಾ. ಎಣಿಸುವವಳು.

ಹುಲ್ಲು ಕೀಳಲು ಹೋಗಿ ಬೆರಳು ಕುಯ್ದುಕೊಂಡಿದ್ದೀರಲ್ಲ,
ಆ ಅಲಗೇ ನನ್ನ ಕಸುಬು.
ಬೇರು ಕುಡಿದ ನೀರಿನಲ್ಲಿ ಕರಗಿದ್ದ ಕಲ್ಲು
ಎಲೆಯ ಸಣ್ಣ ಸಣ್ಣ ಕೋಣೆಗಳಲ್ಲಿ ಗಾಜಾಗಿ ಹೆಪ್ಪುಗಟ್ಟಿ
ಕೋಣೆಯದೇ ಅಚ್ಚು ಪಡೆದು ಕೂತಿರುತ್ತದೆ.
ಎಲೆ ಕೊಳೆತರೂ ಅದು ಕೊಳೆಯದು.
"ಉರಿದು ಬೂದಿಯಾಯಿತು" ಎಂದು ಕೈ ಕೊಡವುವವರು
ಬೂದಿಯನ್ನು ಎಂದೂ ಜರಡಿ ಹಿಡಿದವರಲ್ಲ.

ಆಮ್ಲ ಹೊಯ್ದರೆ ಸುಣ್ಣ ಬುಸುಗುಟ್ಟಿ ಹೋಗುತ್ತದೆ.
ಭಾರದ ದ್ರವದಲ್ಲಿ ಮರಳು ಮುಳುಗಿ, ಇದು ತೇಲುತ್ತದೆ.
ಒಂದು ಹನಿ. ಗಾಜಿನ ಮೇಲೆ ಗಾಜು.
ಆಮೇಲೆ ಕಣ್ಣು, ಕತ್ತು, ಸೊಂಟ,
ಎಡಗೈಯಲ್ಲಿ ಟಿಕ್ ಟಿಕ್ ಅನ್ನುವ ಎಣಿಕೆಯ ಗುಂಡಿ.

ಹನ್ನೊಂದನೆಯದರಲ್ಲಿ ಮರದ ತೊಗಟೆ ಧಾರಾಳ.
ಒಂಬತ್ತಕ್ಕೆ ಬರುವಾಗ ಜೊಂಡು, ಆಪು:
ಹೊಳೆ ಹತ್ತಿರ ಸರಿದಿತ್ತೇನೋ.
ಐದರಲ್ಲಿ ಚಳಿನಾಡಿನ ಹುಲ್ಲು ಬಿಟ್ಟರೆ ಬೇರೆ ಇಲ್ಲ.
ಹೊರಗೆ ಕಾಡು ಹಿಂದೆ ಸರಿದದ್ದನ್ನು
ಒಳಗೆ ಬೂದಿ ಗುರುತು ಹಾಕಿಕೊಂಡಿದೆ.

ಮತ್ತೆ ಆರನೆಯದು. ಒಲೆಯಿಂದ ಒಂದು ಮಾರು ದೂರ,
ಗೋಡೆಯ ಕಡೆಗೆ, ಹುಲ್ಲೇ ಹುಲ್ಲು,
ತೆನೆಯ ಹೊಟ್ಟಿನ ಚೂರುಗಳು ಇನ್ನೂ ಬಿಡದೆ ಹೆಣೆದುಕೊಂಡು.
ತೆನೆಯಿದ್ದರೆ ಬೇಸಿಗೆಯ ಮೊದಲು.
ಹಾಸಿಗೆ, ಅಂತ ಬರೆದೆ.
ಬಾದ್ರಿ ಹೊಡೆದುಹಾಕಿ ತಿದ್ದಿದ: "ಹುಲ್ಲಿನ ಸಾಂದ್ರತೆ ಹೆಚ್ಚು."
ಅವನು ಹೇಳುವುದೂ ಸರಿಯೇ. ಮಲಗಿದವರ ಬೆನ್ನು
ನನ್ನ ಗಾಜಿನಲ್ಲಿ ಕಾಣುವುದಿಲ್ಲ.

ಏಳರಲ್ಲಿ, ಇನ್ನೂರ ಹನ್ನೆರಡನೆಯದು, ಒಂದು ಶಿಲುಬೆ.
ನಾಲ್ಕು ಎಸಳು, ನಡುವೆ ತಗ್ಗು, ದೊಡ್ಡದು.
ಕನ್ನಡಕ ಒರೆಸಿ ನೋಡಿದೆ. ಮೆಕ್ಕೆಜೋಳ.
ಕಡಲಾಚೆಯಿಂದ ಈ ಬೆಟ್ಟಕ್ಕೆ ಬಂದು
ನಾನೂರು ವರುಷವೂ ಆಗದ ಪೈರು
ಐವತ್ತು ಸಾವಿರ ವರುಷದ ಬೂದಿಯಲ್ಲಿ
ಕಾಲು ಚಾಚಿ ಕೂತಿದೆ.

ಫೋನು ಹಚ್ಚಿದೆ. "ನುಗ್ಜಾರ್, ಮಧ್ಯಾಹ್ನ ಏನು ತಿನ್ನುತ್ತೀ?"
"ಜೋಳದ ರೊಟ್ಟಿ, ಗಿಣ್ಣು. ಯಾಕೆ?"
"ಯಾವುದರಲ್ಲಿ ಸುತ್ತಿ?"
ಆ ಕಡೆ ಬರೀ ಹೊಳೆಯ ಸದ್ದು.
"ಅಮ್ಮ ಎಲೆಯಲ್ಲಿ ಸುತ್ತಿ ಕೊಡುತ್ತಾಳೆ. ಜೋಳದ್ದೇ ಎಲೆ."
"ತಿಂದದ್ದು ಎಲ್ಲಿ?"
"ಮಳೆಯಿತ್ತು. ಒಳಗೇ, ಆ ಒಲೆಯ ಪಕ್ಕ.
ಇಡೀ ಗುಹೆಯಲ್ಲಿ ಬೆನ್ನಿಗೆ ಗಾಳಿ ತಾಗದ ಜಾಗ
ಅದೊಂದೇ, ಅಕ್ಕಾ."

ನಾನೇನೂ ಹೇಳಲಿಲ್ಲ.
ಪುಸ್ತಕದಲ್ಲಿ ಬರೆದೆ: ಏಳನೆಯ ಒಲೆ, ಮಲಿನ, ಎಣಿಕೆ ರದ್ದು.
ಆರು ದಿನದ ದುಡಿಮೆ.
ಜಾಗದ ಮಾತು ಬರೆಯಲು ಕೋಷ್ಟಕದಲ್ಲಿ ಮನೆಯಿರಲಿಲ್ಲ.

ಮುಂದಿನ ಗುರುವಾರ ಹೊಸ ಚೀಲ ಬಂತು.
ಏಳನೆಯದೇ, ಇನ್ನೂ ಒಂದು ಗೇಣು ಆಳದ್ದು.
ಚೀಟಿಯ ಹಿಂದೆ ಅವನ ಸೊಟ್ಟ ಅಕ್ಷರ,
ಶಾಯಿ ಒಂದೆರಡು ಕಡೆ ಕದಡಿತ್ತು:
"ಹೊರಗೆ ನಿಂತು ತಿಂದೆ."