ಒಂದು ಬಂಗುಡೆಯ ತೂಕ

ಅವನಿಗೆ ಒಂಬತ್ತಕ್ಕೆ ನಿದ್ದೆ, ನನಗೆ ಒಂಬತ್ತಕ್ಕೆ ಪುಸ್ತಕ.
ಮೂರಕ್ಕೆ ಎದ್ದು ಧಕ್ಕೆಗೆ ಹೋಗುವವನ ರೆಪ್ಪೆಯ ಮೇಲೆ
ನನ್ನ ನಲವತ್ತು ವ್ಯಾಟಿನ ಬಲ್ಬು
ಹದಿನಾರು ವರ್ಷ ಉರಿದಿದೆ.
ಮೊದಮೊದಲು ಮುಖಕ್ಕೆ ಬೈರಾಸು ಹೊದ್ದುಕೊಂಡ,
ಆಮೇಲೆ ಗೋಡೆಗೆ ತಿರುಗಿದ,
ಈಗೀಗ ಕಣ್ಣು ಮುಚ್ಚಿಯೇ ಕೇಳುತ್ತಾನೆ:
ಇನ್ನೆಷ್ಟು ಪುಟ ಉಂಟು?
ಎರಡು, ಅನ್ನುತ್ತೇನೆ.
ಎರಡೆಂದರೆ ನಲವತ್ತು ಎಂದು
ಹೊಯಿಗೆ ಬಜಾರಿನ ಬೆಕ್ಕುಗಳಿಗೂ ಗೊತ್ತು.

ಟಾರ್ಚನ್ನು ಕತ್ತಿಗೆ ಸಿಕ್ಕಿಸಿ ನೋಡಿದೆ.
ಮೊಬೈಲಿನಲ್ಲಿ ಓದಿದೆ, ಕಣ್ಣಿಗೆ ಹೊಯಿಗೆ ಬಿದ್ದ ಹಾಗಾಯಿತು.
ದಪ್ಪ ಪುಸ್ತಕ ಹಿಡಿಯಲು ಮಣಿಕಟ್ಟು ಒಪ್ಪುವುದಿಲ್ಲ.

ಹಂಪನಕಟ್ಟೆಯ ಅಂಗಡಿಯಲ್ಲಿ ನೌಫಲ್ ಎಂಬ ಹುಡುಗ
ಮೂರು ಇ-ರೀಡರ್ ತೆಗೆದು ಗಾಜಿನ ಮೇಲಿಟ್ಟ,
ಪಿಕ್ಸೆಲ್ಲು, ಜಿಬಿ, ಬ್ಯಾಟರಿ ಎಂದು ಶುರು ಮಾಡಿದ.
ನಾನಂದೆ: ಮಗಾ, ಇಲ್ಲಿ ಮಲಗಲಿಕ್ಕೆ ಜಾಗ ಉಂಟಾ?

ಹೆದರಿ ನೀರು ತಂದ.
ತಲೆ ತಿರುಗಿದ್ದಲ್ಲ ಮಾರಾಯ,
ಚಪ್ಪಲಿಯನ್ನು ಕಾಲಿಗೆ ಹಾಕಿ ನೋಡುವುದಿಲ್ಲವಾ?
ಮಲಗಿ ಓದುವುದನ್ನು ಮಲಗದೆ ಹೇಗೆ ಕೊಳ್ಳುವುದು?

ಟಿವಿ ಪೆಟ್ಟಿಗೆಗಳ ಹಿಂದೆ ಒಂದು ಉದ್ದ ಬೆಂಚು.
ಎಡಕ್ಕೆ ಮಲಗಿದೆ, ಬಲಕ್ಕೆ ಮಲಗಿದೆ, ಅಂಗಾತ ಮಲಗಿದೆ.
ಮಿಕ್ಸಿ ಕೊಳ್ಳಲು ಬಂದ ಹೆಂಗಸು
ಮಿಕ್ಸಿ ಬಿಟ್ಟು ನನ್ನನ್ನೇ ನೋಡಿದಳು.

ಮೊದಲನೆಯದು ದೊಡ್ಡದು, ಊಟದ ಮಣೆಯ ಹಾಗೆ.
ತೂಕಡಿಸಿದಂತೆ ಮಾಡಿ ಕೈಬಿಟ್ಟೆ,
ನೇರ ಮೂಗಿಗೆ ಬಿತ್ತು.
ಇದು ಬೇಡ, ದಿನಾ ಬೀಳುವುದು ಇದೇ ಜಾಗಕ್ಕೆ.

ಎರಡನೆಯದು ಹಗುರ, ಬೆನ್ನು ನುಣುಪು.
ಆದರೆ ಅಕ್ಷರ!
ಒತ್ತುಗಳೆಲ್ಲ ಬುಡದಿಂದ ಜಾರಿ
ಪಕ್ಕದಲ್ಲಿ ಪರದೇಶಿಗಳಂತೆ ನಿಂತಿದ್ದವು.
ಅಕ್ಕ ಒಡೆದು ಅಕ್‌ಕ ಆಗಿದ್ದಳು.
ಕೊಡಿಯಾಲಬೈಲಿನ ಪ್ರೆಸ್ಸಿನಲ್ಲಿ
ಇಪ್ಪತ್ತೆರಡು ವರ್ಷ ಕರಡು ತಿದ್ದಿದವಳು ನಾನು,
ಒತ್ತು ಬಿದ್ದರೆ ನಿದ್ದೆಯಲ್ಲೂ ಎಚ್ಚರವಾಗುತ್ತದೆ.

ಮೂರನೆಯದನ್ನು ಒಂದೇ ಕೈಯಲ್ಲಿ ಹಿಡಿದೆ.
ನೂರ ಎಪ್ಪತ್ತು ಗ್ರಾಂ, ಅಂದ ನೌಫಲ್.
ಒಂದು ಬಂಗುಡೆ, ಅಂದೆ, ಮೊಟ್ಟೆ ಇಲ್ಲದ್ದು.
ಅಂಗೈಯಲ್ಲಿ ತೂಗಿ ನೋಡಿ ಅವನೂ ಹೌದೆಂದ.
ಶಟರನ್ನು ಅರ್ಧ ಎಳೆದು
ಬೆಳಕನ್ನು ಮೆಲ್ಲಗೆ ಹಳದಿಗೆ ತಿರುಗಿಸಿದ:
ನದಿಯ ಆಚೆ, ಬೆಂಗರೆಯ ಕಡೆ,
ಯಾರೋ ಒಬ್ಬರಿಗೆ ಬೇಕಾದಷ್ಟೇ ಹಚ್ಚಿಟ್ಟ ದೀಪ.
ಅಕ್ಕನ ಒತ್ತು ಅಕ್ಕನ ಅಡಿಯಲ್ಲೇ ಇತ್ತು.

ಬೆಲೆ? ಮನೆಯಲ್ಲಿ ಅರ್ಧ ಹೇಳಿದ್ದೇನೆ.

ಆ ರಾತ್ರಿ ಬಲ್ಬು ಆರಿಸಿದೆ.
ಲೋಕು ಕುಂದರ್ ಹೊರಳಿದ, ಮತ್ತೆ ಹೊರಳಿದ.
ಎಂತ, ಕತ್ತಲೆ ಹೆಚ್ಚಾಯಿತಾ?
ಇಲ್ಲ, ಅಂದ, ನೀನು ಓದುತ್ತಿದ್ದೀಯೋ ಇಲ್ಲವೋ
ಗೊತ್ತೇ ಆಗುವುದಿಲ್ಲ ಜಲಜಾ, ಸದ್ದೇ ಇಲ್ಲ.
ಹದಿನಾರು ವರ್ಷ ಅವನು ಮಲಗಿದ್ದು
ಪುಟ ಮಗುಚುವ ಸದ್ದಿಗಂತೆ.
ನನಗೆ ಇದನ್ನು ಯಾರೂ ಹೇಳಿರಲಿಲ್ಲ.
ಎಷ್ಟೋ ಹೊತ್ತು ಬೆರಳಿನಿಂದ ಹೊದಿಕೆಯ ಅಂಚು
ಸರಕ್ ಸರಕ್ ಅನ್ನಿಸಿದೆ.
ನಿದ್ದೆ ಬಂದದ್ದು ನನಗೆ.

ಬೆಳಿಗ್ಗೆ ಅವನ ಜಾಗ ಖಾಲಿ.
ದಿಂಬಿನಡಿ ತಡಕಿ ತೆರೆದರೆ
ಅಕ್ಷರಗಳು ಬಸ್ಸಿನ ಬೋರ್ಡಿನಷ್ಟು ದಪ್ಪ,
ಸಾಲಿಗೆ ಮೂರೇ ಪದ.
ಅಂಚೆಯವಳ ಚೀಲ ಕಳೆದುಹೋದಲ್ಲಿ,
ಏಳನೆಯ ಅಧ್ಯಾಯದಲ್ಲಿ, ನಿಂತವಳು ನಾನು.
ಇದು ಹನ್ನೊಂದರಲ್ಲಿತ್ತು.

ಹತ್ತು ಗಂಟೆಗೆ ಬಂದ, ಮೊಣಕೈವರೆಗೂ ಪೊರೆ.
ನಲ್ಲಿಯಡಿ ಕೈ ಉಜ್ಜುತ್ತ, ನನ್ನ ಕಡೆ ನೋಡದೆ,
ಆ ಅಂಚೆಯವಳ ಚೀಲ ಉಂಟಲ್ಲ, ಎಂದು ಶುರು ಮಾಡಿದ.

ಬಾಯಿ ಬಿಟ್ಟರೆ ನೋಡು,
ಎಂದು ಸೌಟು ಎತ್ತಿದೆ.