ಎಡಗಡೆಯ ಕನ್ನಡಿ

ನೂರಡಿ ರಸ್ತೆಯ ಅಂಗಡಿಯಲ್ಲಿ ತಬ್ರೇಜ್
ಎರಡು ಡಬ್ಬ ತಂದು ಗಾಜಿನ ಮೇಲಿಟ್ಟ.
ಒಂದು ಅಂಗೈಯಗಲ,
ಇನ್ನೊಂದು ಧಾರೆ ಸೀರೆಯ ಡಬ್ಬದಷ್ಟು.
‘ಚಿಕ್ಕದು ಪ್ರೊಸೆಸರ್ರು, ದೊಡ್ಡದು ಗ್ರಾಫಿಕ್ಸ್ ಕಾರ್ಡು.
ನಿಮ್ಮ ದುಡ್ಡಿಗೆ ಎರಡರಲ್ಲಿ ಒಂದೇ ಜೋರಾಗಿರ್ತದೆ.
ಯಾವುದು ಅಂತ ನೀವೇ ಹೇಳಿ, ಯಜಮಾನ್ರೇ.’

ಮೊಮ್ಮಗಳು ನಿಸರ್ಗ, ಡಿಪ್ಲೊಮಾ ಓದುವವಳು,
ಕಾರ್ಡಿನ ಕಡೆ.
ನಾನಿನ್ನೂ ಯಾರ ಕಡೆಯೂ ಅಲ್ಲ.
ಜೇಬಲ್ಲಿ ಚೀಟಿ ಎತ್ತಿದ ತೊಂಬತ್ತು ಸಾವಿರ,
ಬೆರಳು ಅದರ ಮೇಲೇ.

‘ಕಾರ್ಡು ಅಂದ್ರೆ ನೋಟ, ತಾತ. ರೋಡು, ಮರ, ಎದುರು ಗಾಡಿ ಲೈಟು
ಎಲ್ಲಾ ಅದೇ ಬರೆಯೋದು, ಸೆಕೆಂಡಿಗೆ ಅರವತ್ತು ಸಲ.’
‘ಮತ್ತೆ ಈ ಚಿಕ್ಕದು?’
‘ಏನು ಬರೀಬೇಕು ಅಂತ ಹೇಳೋದು. ಯಾವ ಗಾಡಿ ಎತ್ತ ತಿರುಗ್ತದೆ,
ಲೋಡು ಎಷ್ಟು ವಾಲ್ತದೆ, ಆ ಲೆಕ್ಕ.’
‘ಅದು ನಿಧಾನ ಆದ್ರೆ?’
‘ಕಾರ್ಡು ಸುಮ್ನೆ ಕಾಯ್ತಾ ಕೂರ್ತದೆ.’

ಅಷ್ಟು ಸಾಕಾಯಿತು ನನಗೆ.
ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ
ಕಬ್ಬು ಹೇರಿಕೊಂಡು ಎಷ್ಟು ರಾತ್ರಿ ಸಾಲಲ್ಲಿ ಮಲಗಿಲ್ಲ!
ಕೆರಗೋಡಿಂದ ಹಾರಿಕೊಂಡು ಬಂದರೂ ಅಷ್ಟೇ,
ಒಳಗೆ ತೂಕದವನು ಒಬ್ಬನೇ,
ಅವನ ಪೆನ್ನು ಓಡಿದಷ್ಟೇ ನಮ್ಮ ಚಕ್ರ.
ಬೆಳಗಾಗುವಷ್ಟರಲ್ಲಿ ಕಬ್ಬು ಒಣಗಿ
ಟನ್ನಿಗೆ ಹತ್ತು ಕಿಲೋ ಗಾಳಿಗೆ ಹೋಗಿರುತ್ತಿತ್ತು.

‘ತೂಕದವನಿಗೆ ವಸಿ ಹೆಚ್ಚು ಕೊಡು’ ಅಂದೆ.
ತಬ್ರೇಜನಿಗೆ ಅರ್ಥವಾಗಲಿಲ್ಲ.
ನಿಸರ್ಗಳಿಗೆ ಆಯಿತು, ಮುಖ ಸಪ್ಪೆಯಾಯಿತು.

ಬಿಡಲಿಲ್ಲ ಅವಳು. ದೊಡ್ಡ ಕಾರ್ಡು ಹಾಕಿದ್ದ
ಇನ್ನೊಂದು ಕಂಪ್ಯೂಟರಿನ ಮುಂದೆ ಕೂರಿಸಿದಳು.
ಮಳೆ ನಿಂತ ರೋಡು.
ಪೆಟ್ರೋಲ್ ಬಂಕಿನ ಕೆಂಪು ಅಕ್ಷರ
ಟಾರಿನ ಮೇಲೆ ತಲೆಕೆಳಗಾಗಿ ಬಿದ್ದಿತ್ತು.
ಚಕ್ರ ಹಾಯ್ದಾಗ ಚೂರಾಯಿತು,
ಹಿಂದೆಯೇ ಮತ್ತೆ ಕೂಡಿಕೊಂಡಿತು.
ವೈಪರಿಗೆ ಕೈ ಚಾಚಿದೆ,
ಮೌಸು ಸಿಕ್ಕಿತು.
‘ಎಷ್ಟಪ್ಪ ಇದು?’
ಹೇಳಿದ.
ಎದ್ದೆ.

ಎಂಟು ಜಿಬಿಯೋ ಹನ್ನೆರಡೋ,
ಬಣ್ಣ ಬೆಳಗುವ ಫ್ಯಾನು ಬೇಕೋ ಬೇಡವೋ,
ಉದ್ದದ ಕಾರ್ಡಿಗೆ ಕ್ಯಾಬಿನೆಟ್ಟು ಮೂರು ಬೆರಳು ಕಮ್ಮಿ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದದ್ದು ಇದಕ್ಕೇ ಇರಬೇಕು.
ಎರಡು ಟೀ ಮುಗಿದವು. ಕೊನೆಗೆ
ನಡುಮಟ್ಟದ ಕಾರ್ಡು, ಒಂದು ಕೈ ಮೇಲಿನ ಪ್ರೊಸೆಸರ್ರು.

‘ಮಾನಿಟರ್ ಮೂರು ಹಾಕಿಸಿ. ಎಡಕ್ಕೊಂದು, ಬಲಕ್ಕೊಂದು,
ಕ್ಯಾಬಿನ್ನಲ್ಲೇ ಕೂತಂಗಿರ್ತದೆ.’
‘ಒಂದು ಸಾಕು.
ಮೂವತ್ತೊಂದು ವರ್ಷ ಸಕ್ಕರೆಗೆ ಕಬ್ಬು ಹೊತ್ತೆ,
ಕೊನೆಗೆ ಎಡಗಣ್ಣೂ ಸಕ್ಕರೆಗೇ ಹೋಯ್ತು ಕಣಪ್ಪ.
ಅದಕ್ಕೇ ಅಲ್ವೇ ಲೈಸೆನ್ಸು ನಿಂತದ್ದು.’
ತಬ್ರೇಜ್ ಬಿಲ್ಲಿನಲ್ಲಿ ಎರಡು ಸಾಲು ಹೊಡೆದುಹಾಕಿದ.

ಈಗ ರಾತ್ರಿ ಮುದ್ದೆ ಉಂಡ ಮೇಲೆ
ನಡುಮನೆಯಿಂದ ಲಾರಿ ಹೊರಡುತ್ತದೆ.
ನಾಲಿಗೆ ಹೊರಳದ ಊರುಗಳು, ಬಲಕ್ಕೆ ಓಡಿಸುವ ದೇಶ.
ಸಾಲಿಲ್ಲ, ತೂಕದ ಚೀಟಿಯಿಲ್ಲ,
ಹಿಂದಿನಿಂದ ಕಬ್ಬು ಎಳೆದುಕೊಂಡು ಓಡುವ ಹುಡುಗರಿಲ್ಲ.
ಮಳೆ ಬಂದರೆ ರೋಡು ಒದ್ದೆಯಾಗುತ್ತದೆ,
ಅಕ್ಷರ ಮಾತ್ರ ಬೀಳುವುದಿಲ್ಲ.
ಓಡಿಸುವುದೇನೂ ಕಷ್ಟವಲ್ಲ. ರಿವರ್ಸು ಹಾಕುವಾಗ
ಎಡಮೂಲೆಯ ಆ ಪುಟ್ಟ ಕನ್ನಡಿ ನನಗೆ ಬರೀ ಮಂಜು.
ಮೂರು ದಿನ ಗೋಡೆಗೇ ಗುದ್ದಿದೆ.

ನಾಲ್ಕನೆಯ ದಿನ ಚಿಕ್ಕತಾಯಿ
ಅವರೆಕಾಯಿಯ ಮೊರ ತಂದು ಎಡಗಡೆ ಕೂತಳು,
ಇಷ್ಟು ವರ್ಷ ಒಂದು ದಿನವೂ ನನ್ನ ಲಾರಿ ಹತ್ತದವಳು.
ಕೈ ಸುಲಿಯುತ್ತಿತ್ತು, ಕಣ್ಣು ಪರದೆಯ ಮೇಲಿತ್ತು.
‘ಬರ್ಲಿ’ ಅಂದಳು.
‘ಬರ್ಲಿ, ಬರ್ಲಿ, ವಸಿ ಬಲಕ್ಕೆ ಒಡೀರಿ,
ಬರ್ಲಿ,
ಹೋಲ್ಡಾನ್!’

ಕ್ಯಾಬಿನೆಟ್ಟಿನ ಪಕ್ಕಕ್ಕೆ ಎರಡೇಟು ಬಡಿದು,
ತಟ್ಟನೆ ಕೈ ಎಳೆದುಕೊಂಡು
‘ಇಂಜಿನ್ ಕಾದದೆ, ನಿಲ್ಸಿ ಇನ್ನ’ ಅಂದಳು.